ಎರಡನೇ ಭಾಗದಲ್ಲಿ ಕುದುರೆಗಳು ದಣಿಯುತ್ತವೆ

ಆಗಸ್ಟ್ 17, ಭಾನುವಾರ ಮಧ್ಯಾಹ್ನ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ನೀವೂ ಅಕ್ಕನೂ ಬೇರೆಯಾಗಿ ಒಂದೂವರೆ ವರ್ಷವಾದರೂ ನಿಮ್ಮನ್ನು ಇನ್ನೇನೆಂದು ಕರೆಯಲೂ ನನಗೆ ನಾಲಿಗೆ ಹೊರಳುವುದಿಲ್ಲ, ಸಿಟ್ಟಾಗಬೇಡಿ. ಇಷ್ಟು ದಿನ ಬರೆಯದಿದ್ದುದಕ್ಕೆ ಕೆಲಸದ ನೆವ ಹೇಳಬಹುದಿತ್ತು. ಲ್ಯಾಬಿನಲ್ಲಿ ದಿನಕ್ಕೆ ಆರೇಳು ಹಲ್ಲಿನ ಸೆಟ್ ತಯಾರಾಗಬೇಕು, ಮೇಣ, ಪ್ಲಾಸ್ಟರ್ ಎಂದು ಕೈಗೆ ಬಿಡುವಿಲ್ಲ. ಆದರೆ ಅದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಫೋನ್ ಮಾಡಿದರೆ ಕಟ್ ಮಾಡುತ್ತೀರೆಂಬ ಹೆದರಿಕೆಗೆ ಕಾಗದ ಹಿಡಿದಿದ್ದೇನೆ. ನೀವು ನನ್ನೊಡನೆ ಮಾತು ಬಿಟ್ಟಿದ್ದರಲ್ಲಿ ತಪ್ಪಿಲ್ಲ. ಆದರೂ ನಿಮ್ಮ ಜೊತೆ ಇನ್ನೊಮ್ಮೆ ಆಟಕ್ಕೆ ಕೂರಬೇಕೆಂಬ ಆಸೆ ಬಿಟ್ಟುಹೋಗಿಲ್ಲ.

ಮೊದಲು ಸುದ್ದಿ. ಕಂಪ್ಯೂಟರಿನಲ್ಲಿ ನಾವಾಡುತ್ತಿದ್ದ ಯುದ್ಧದಾಟದ ಎರಡನೇ ಭಾಗ ಬಂದಿದೆ. ಒಂದು ತಿಂಗಳಿಂದ ಆಡುತ್ತಿದ್ದೇನೆ, ಒಂದು ತಿಂಗಳಿಂದ ಸೋಲುತ್ತಿದ್ದೇನೆ. ಸೋಲಿಸುತ್ತಿರುವುದು ಯಾರೆಂದುಕೊಂಡಿರಿ? ನಿಮ್ಮ ಮಗಳು! ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವವರೆಗೆ ಅವಳು ನನ್ನ ಕೋಣೆಯಲ್ಲೇ ಇರುತ್ತಾಳೆ. ಹನ್ನೊಂದು ವರ್ಷದ ಪೋರಿ ಬಿಸ್ಕತ್ತು ತಿನ್ನುತ್ತ, ಒಂದೇ ಕೈಯಲ್ಲಿ ನನ್ನ ಕೋಟೆ ಕೆಡವುತ್ತಾಳೆ.

ಮೊದಲ ಭಾಗದಲ್ಲಿ ನಮ್ಮದು ಒಂದೇ ಮಂತ್ರವಿತ್ತಲ್ಲ. ಬೇರೇನೂ ಕಟ್ಟದೆ ನಲವತ್ತು ಕುದುರೆ ಸವಾರರನ್ನು ಕೂಡಿಸುವುದು, ಎದುರಾಳಿ ಗೋಡೆ ಎಬ್ಬಿಸುವ ಮೊದಲೇ ನುಗ್ಗುವುದು. "ಯೋಚ್ನೆ ಮಾಡೋನು ಸೋತ, ನುಗ್ಗೋನು ಗೆದ್ದ" ಅನ್ನುತ್ತಿದ್ದಿರಿ. ಕಾಲಾಳುಗಳನ್ನು ಸಾಯಲಿ ಎಂದೇ ಮುಂದೆ ಬಿಟ್ಟು, ಆ ಗದ್ದಲದಲ್ಲಿ ಪಕ್ಕದಿಂದ ಸವಾರರನ್ನು ನುಗ್ಗಿಸುತ್ತಿದ್ದೆವು. ಕಾಲಾಳು ಅಗ್ಗ, ಸತ್ತರೆ ಇನ್ನೊಂದು ಹಿಂಡು ಬರುತ್ತಿತ್ತು.

ಈಗ ಆ ಬೇಳೆ ಬೇಯುವುದಿಲ್ಲ. ಕುದುರೆಗೆ ದಣಿವು ಇಟ್ಟಿದ್ದಾರೆ ಭಾವ! ಅರ್ಧ ಬಯಲು ಓಡಿಸಿದರೆ ಏದುಸಿರು. ಶತ್ರುವನ್ನು ಮುಟ್ಟುವ ಹೊತ್ತಿಗೆ ಕಾಲೆಳೆಯುತ್ತಿರುತ್ತವೆ, ಅಲ್ಲಿ ಈಟಿಯವರು ಸಾಲಾಗಿ ಕಾಯುತ್ತಿರುತ್ತಾರೆ. ಈಟಿಯವರನ್ನು ನಾವು 'ಬೇಲಿ ಗೂಟ' ಎಂದು ಆಡಿಕೊಂಡು ನಗುತ್ತಿದ್ದೆವು. ಈಗ ಅವರಿಲ್ಲದೆ ಕೋಟೆಯ ಬಾಗಿಲು ದಾಟುವಂತಿಲ್ಲ. ಬಿಲ್ಲುಗಾರರ ಬಾಣ ಮುಗಿಯುತ್ತದೆ, ಹಿಂದೆ ಗಾಡಿ ಬೇಕು, ಗಾಡಿಗೆ ಕಾವಲು ಬೇಕು. ನೀವಾಗಿದ್ದರೆ ಇಷ್ಟರಲ್ಲಿ ಕೀಬೋರ್ಡು ಎರಡು ತುಂಡಾಗುತ್ತಿತ್ತು. ಕೆಟ್ಟು ನಿಂತ ಲಿಫ್ಟನ್ನೂ ಮೊದಲು ಒಂದು ಗುದ್ದು ಗುದ್ದಿ ಆಮೇಲೆ ರಿಪೇರಿ ಮಾಡುವವರಲ್ಲವೇ ನೀವು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಾಲಾಳುಗಳದು. ಮೂರು ಕಾಳಗದಲ್ಲಿ ಉಳಿದು ಬಂದವನು ಹಳಬನಾಗುತ್ತಾನೆ, ಒಬ್ಬ ಹಳಬ ಐವರು ಹೊಸಬರಿಗೆ ಸಮ. ಹಾಗಾಗಿ ಅವರನ್ನು ಸಮಯಕ್ಕೆ ಹಿಂದಕ್ಕೆ ಕರೆಸಿಕೊಳ್ಳುವುದೇ ಈಗಿನ ಜಾಣತನ. ಅದಕ್ಕೊಂದು ಗುಂಡಿಯೇ ಇದೆ. ಎರಡು ವಾರ ನಾನದನ್ನು ಮುಟ್ಟಲಿಲ್ಲ, ಮರ್ಯಾದೆಯ ಪ್ರಶ್ನೆ ನೋಡಿ. ಕಳೆದ ವಾರ ಅಭ್ಯಾಸಬಲದಿಂದ ಹನ್ನೆರಡು ಹಳಬರನ್ನು ಸೇತುವೆಯ ಮೇಲೆ ಬಿಟ್ಟು ಸವಾರರನ್ನು ಬಳಸುದಾರಿಗೆ ಅಟ್ಟಿದೆ. ಹನ್ನೆರಡೂ ಹೋದವು. ಪುಟ್ಟಿ ಬಿಸ್ಕತ್ತು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಮಾಮ, ಹೊಸ ಆಟದಲ್ಲೂ ನೀನು ಹಳೇ ಆಟಾನೇ ಆಡ್ತೀಯ. ಮುಂದೆ ನಿಂತವ್ರನ್ನ ಯಾಕೆ ಹಾಗೆ ಬಿಟ್‌ಬಿಡ್ತೀಯ? ಅವ್ರು ನಿನ್ನೋರೇ ಅಲ್ವಾ?"

"ಆಟ ಕಣೇ" ಎಂದು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನನಗೂ ಆಟದಲ್ಲಿ ಕೈ ಓಡಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಚಪ್ಪಲಿ ಬಿಡುತ್ತ ಪರದೆಯತ್ತ ನೋಡಿ "ನಿಮ್ಮಪ್ಪ ಇದ್ದಿದ್ರೆ ಈ ಆಟ ಹೇಗಾಡ್ತಿದ್ರೋ" ಎಂದಳು. ಮಗಳಿಗೆ ಹೇಳಿದ ಹಾಗಿದ್ದರೂ ಅದು ಅವಳಿಗೇ ಹೇಳಿಕೊಂಡದ್ದು. ನೀವು ಹೋದ ಮೇಲೆ ಅವಳ ಬಾಯಲ್ಲಿ ನಿಮ್ಮ ಮಾತು ಬಂದದ್ದು ಅದೇ ಮೊದಲು.

ಮಗಳು ಚೆನ್ನಾಗಿದ್ದಾಳೆ, ಗಣಿತದಲ್ಲಿ ನಿಮ್ಮ ಹಾಗೆ ಚುರುಕು, ಅಕ್ಷರ ಮಾತ್ರ ನನ್ನ ಹಾಗೆ ಕಾಗೆ ಕಾಲು. ನಿಮ್ಮ ಬೆನ್ನುನೋವು ಹೇಗಿದೆ? ಕೇಬಲ್ ಎಳೆಯುವ ಕೆಲಸ ಬೇರೆಯವರಿಗೆ ಬಿಡಿ, ವಯಸ್ಸು ನಿಮ್ಮನ್ನು ಕೇಳಿ ಬರುವುದಿಲ್ಲ. ನಿಮಗೆ ಒಳ್ಳೆಯದಾಗಲಿ ಎಂದು ಹರಸುವಷ್ಟು ದೊಡ್ಡವನಲ್ಲ ನಾನು, ಆದರೂ ಬಯಸುತ್ತೇನೆ. ಬೈಯುವುದಕ್ಕಾದರೂ ಒಂದು ಸಾಲು ಬರೆಯಿರಿ.

ಎಂದಿಗೂ ನಿಮ್ಮ ಭಾವಮೈದ,
ಹಲ್ಲುಕಟ್ಟು (ನೀವಿಟ್ಟ ಹೆಸರೇ)

ತಾ.ಕ.: ಮರೆತದ್ದನ್ನು ಇಲ್ಲಿ ಬರೆಯುತ್ತಾರೆ. ನಾನು ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅವತ್ತು ಅಮ್ಮನ ಮನೆಯ ಹಜಾರದಲ್ಲಿ ಎಲ್ಲರೆದುರು ಅಕ್ಕ ಕೇಳಿದಳು: "ಆರು ತಿಂಗಳಿಂದ ಪ್ರತಿ ಗುರುವಾರ ಸಂಜೆ ಯಾರ ಮನೆಗೆ ಹೋಗ್ತೀರಿ?" ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ಆ ಗುರುವಾರಗಳಲ್ಲಿ ನೀವು ಕುಡಿತ ಬಿಡಿಸುವ ಡಾಕ್ಟರ ಬಾಗಿಲಲ್ಲಿ, ಒಳಗಿದ್ದ ನನಗಾಗಿ ಬೆಂಚಿನ ಮೇಲೆ ಕಾದು ಕೂತಿರುತ್ತಿದ್ದಿರಿ. ಅಕ್ಕನಿಗೆ ಹೇಳಬಾರದೆಂದು ಮಾತು ತೆಗೆದುಕೊಂಡವನು ನಾನೇ. ನೀವು ಕೊಟ್ಟ ಮಾತು ಉಳಿಸಿಕೊಂಡಿರಿ. ನಾನು ನೆಲ ನೋಡುತ್ತ ಕೂತೆ, ನಿಮ್ಮ ಸಂಸಾರ ಮುರಿಯುವವರೆಗೂ ಕೂತೆ.

ಇವತ್ತು ಬೆಳಿಗ್ಗೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಈಗ ನನ್ನ ಮೇಜಿನ ಪಕ್ಕ ಬಂದು ನಿಂತಿದ್ದಾಳೆ, ಕೈಯಲ್ಲಿ ಪೆನ್ನಿದೆ. "ಕವರ್ ಅಂಟಿಸ್ಬೇಡ" ಅನ್ನುತ್ತಿದ್ದಾಳೆ.