ಅಚ್ಚು ಹಾಕಿಸಿದ ಕ್ಷಮೆ

ಪನಮರಂ, ವಯನಾಡು
10-9-2025

ಪ್ರೀತಿಯ ಅಜಿತಣ್ಣನಿಗೆ,

ತಂಗಿ ಪ್ರೇಮಾವತಿಯ ಜೈ ಜಿನೇಂದ್ರ. ಎರಡನೆಯ ಮೊಣಕಾಲಿನ ಆಪರೇಷನ್ ಗಾಯ ಒಣಗಿತೇ? ಕಾವ್ಯ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದಾಳಲ್ಲ? ಮೈಸೂರಿನಲ್ಲಿ ಮಗಳ ಮಾತನ್ನಾದರೂ ಕೇಳು.

ನಿನ್ನ ಕ್ಷಮಾವಣಿಯ ಕಾರ್ಡು ತಲುಪಿತು. ಪರ್ವ ಮುಗಿದ ಮೇಲೆ ಎಲ್ಲರೂ ಎಲ್ಲರ ಕ್ಷಮೆ ಕೇಳುವುದು ನಮ್ಮ ಜೈನರ ಪದ್ಧತಿ, ಒಪ್ಪಿದೆ. ಆದರೆ 'ತಿಳಿದೋ ತಿಳಿಯದೆಯೋ ನೋಯಿಸಿದ್ದರೆ' ಎಂದು ಅಚ್ಚು ಹಾಕಿಸಿದ್ದೀಯಲ್ಲ, ತಿಳಿಯದೆಯಂತೆ! ಆರು ವರ್ಷ ಊರಿನ ವಾಯನಶಾಲೆಗೆ ಸೆಕ್ರೆಟರಿಯಾಗಿದ್ದವನು ನೀನು. ಲೈಬ್ರರಿಯ ಪುಸ್ತಕಗಳು ಹದಿನಾಲ್ಕು ಮೆಟ್ಟಿಲ ಮೇಲೆ, ನನ್ನ ಗಾಲಿಕುರ್ಚಿ ಕೆಳಗೆ ಅಂಗಳದಲ್ಲಿ. ಹಿಂದಿನ ಕಾಫಿ ತೋಟದ ಕಡೆಯಿಂದ ಇಳಿಜಾರಾಗಿ ಒಂದು ದಾರಿ ಮಾಡಿಸು ಎಂದರೆ, 'ನಿನ್ನೊಬ್ಬಳಿಗೋಸ್ಕರ ಗುಡ್ಡ ಅಗೆಯೂದಾ? ಪುಸ್ತಕ ಕೆಳಗೇ ಬರ್ತದಲ್ಲ' ಅಂದೆ. ಬಂದದ್ದೇನು? ಕಾಳುಮೆಣಸು ಕೃಷಿಯ ಒಂದೇ ಪುಸ್ತಕ, ಮೂರು ಸಲ! ಕಪಾಟಿನ ಮುಂದೆ ಕೂತು ಬೇಕಾದ್ದನ್ನು ನಾನೇ ಎಳೆದು ನೋಡಬೇಕೆಂಬ ಆಸೆ ನಿನಗೆ ಸೊಕ್ಕಾಗಿ ಕಂಡಿತು.

ಸಭೆಗಳನ್ನೂ ನೀನು ಮೇಲೆಯೇ ನಡೆಸುತ್ತಿದ್ದೆ, ಹತ್ತಲಾಗದವರ ಓಟೇ ಇರುತ್ತಿರಲಿಲ್ಲ. ಜೂನಿನಲ್ಲಿ ನೀನು ಆಸ್ಪತ್ರೆ ಸೇರಿದೆ, ನಾನು ಹಠ ಹಿಡಿದು ವಾರ್ಷಿಕ ಸಭೆಯನ್ನು ಅಂಗಳದಲ್ಲಿ ಮಾಡಿಸಿದೆ. ಕಣ್ಣು ಕಾಣದ ಮಾಧವನ್ ಮೇಷ್ಟ್ರು, ಕೋಲು ಊರುವ ಜಾನು, ಎಷ್ಟೋ ವರ್ಷದಿಂದ ಸಭೆ ಕಾಣದ ಮುದುಕರು, ಎಲ್ಲರೂ ಬಂದರು. ಕೈ ಎತ್ತಿ ನಿನ್ನ ಕುರ್ಚಿಯನ್ನು ನನಗೆ ಕೊಟ್ಟರು. ಅಣ್ಣನೆಂದು ಮುಚ್ಚಿಡುವುದೇಕೆ, ಹೊಟ್ಟೆ ತಣ್ಣಗಾಯಿತು.

ಆ ಇಳಿಜಾರು ದಾರಿಯ ಕೆಲಸ ಈಗ ಮುಗಿದಿದೆ. ಮೊನ್ನೆ ನಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದೆ. ಕಪಾಟು ಮುಟ್ಟಿ ಅತ್ತೆ. ಸಂತೋಷಕ್ಕಲ್ಲ, ಕಳೆದುಹೋದ ಆರು ವರ್ಷದ ಸಿಟ್ಟಿಗೆ. ಲೈಬ್ರೇರಿಯನ್ ಅನಘ ನೀರು ತಂದಿಟ್ಟಳು.

ಊರಿಗೆ ಬಂದ ಮೇಲೆ ಮೆಟ್ಟಿಲು ಹತ್ತಲಾಗದು, ಪುಸ್ತಕ ಮನೆಗೆ ಕಳಿಸು ಎಂದು ಕಾರ್ಡಿನ ಮೂಲೆಯಲ್ಲಿ ಬರೆದಿದ್ದೀಯ. ಕಳಿಸುವುದಿಲ್ಲ. ಅತ್ತಿಗೆಗೂ ಕಾವ್ಯಳಿಗೂ ನನ್ನ ಉತ್ತಮ ಕ್ಷಮೆ ತಿಳಿಸು. ನಿನಗೆ ಇನ್ನೂ ಇಲ್ಲ.

ನಿನ್ನ ತಂಗಿ,
ಪ್ರೇಮಾವತಿ
(ಸೆಕ್ರೆಟರಿ)

ಮ.ವಿ.: ಅಂಚೆಯವನು ಬಾಗಿಲಲ್ಲಿದ್ದಾನೆ. ನೀನು ಊರಿಗೆ ಬಂದವನೇ ವಾಯನಶಾಲೆಯ ಅಂಗಳದ ಹಲಸಿನ ಮರದಡಿ, ನಾನು ಕೂರುತ್ತಿದ್ದಲ್ಲಿ, ಮೂರು ದಿನ ಕೂತಿರು. ನಾನು ಮೇಲಿನಿಂದ ಆರಿಸಿ ಕಳಿಸುತ್ತೇನೆ, ಮೂರು ದಿನವೂ ಅದೇ ಕಾಳುಮೆಣಸು. ನಾಲ್ಕನೆಯ ದಿನ ಆ ದಾರಿಯಲ್ಲೇ ಮೇಲೆ ಬಂದು, ನನ್ನ ಮೇಜಿನೆದುರು ನಿಂತು ಬಾಯಿಬಿಟ್ಟು ಕ್ಷಮೆ ಕೇಳು. ಗಾಲಿಕುರ್ಚಿಗೆ ಕೈಕಂಬಿ ಬೇಕಿಲ್ಲ. ಆದರೂ ಆ ದಾರಿಯುದ್ದಕ್ಕೂ ಒಂದು ಹಾಕಿಸಿದ್ದೇನೆ, ನಿನ್ನ ಎತ್ತರಕ್ಕೆ.