ತಲೆಗೆ ಪೆಟ್ಟು ಬಿದ್ದವನಿಗೆ ಬದಲಿ

ದ್ವಾರಕಾ ನಗರ, ವಿಶಾಖಪಟ್ಟಣ
ಸೋಮವಾರ, 26 ಆಗಸ್ಟ್ 2019

ತಂಗಿ ತುಳಸಿಗೆ, ಅಣ್ಣನ ನೆನಪುಗಳು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯ್ತು. ಉತ್ತರ ಬರೆಯದ್ದಕ್ಕೆ ಬಯ್ಯುವುದು ನಿನ್ನ ಹಕ್ಕು, ಬಯ್ಯಿ. ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಇಬ್ಬರೂ ತೆಲುಗಿಗೆ ಜಾರುತ್ತೇವೆ, ಕನ್ನಡ ಉಳೀಬೇಕಾದರೆ ಕಾಗದ ಬರಿ ಅಂದವಳು ನೀನೇ, ಹೂಂ ಅಂದವನು ನಾನೇ. ಸೋಮಾರಿತನ ಅಂದುಕೋಬೇಡ. ಇಲ್ಲಿ ಕಾರ್ಖಾನೆಯ ಗಲಾಟೆ ಒಂದು ಕಡೆ, ಟೀವಿಯಲ್ಲಿ ಇಂಗ್ಲೆಂಡು-ಆಸ್ಟ್ರೇಲಿಯಾದ ಆಷಸ್ ಕ್ರಿಕೆಟ್ಟು ಇನ್ನೊಂದು ಕಡೆ. ಎರಡರ ನಡುವೆ ಪೆನ್ನು ಹಿಡಿಯಲು ಕೈ ಬಿಡುವಾಗಲಿಲ್ಲ.

ನೀನೇ ಗೆದ್ದೆ ಕಣೇ, ನೀನೇ ಗೆದ್ದೆ. ನಿನ್ನ ಇಂಗ್ಲೆಂಡು ಗೆದ್ದಿತು. ನಿನ್ನೆ ಎಂಟೂಮುಕ್ಕಾಲಿಗೆ ಗವರ್ನರ್‌ಪೇಟೆಯಲ್ಲಿ ನಿನ್ನ ಯಜಮಾನರು ಫಣಿಯವರ ಸ್ವಿಚ್ಚು-ಫ್ಯಾನಿನ ಅಂಗಡಿ ಮುಂದೆ ನೀನು ಕುಣಿದಿರ್ತೀಯ, ಆಟೋದವರು ನಿಂತು ನೋಡಿರ್ತಾರೆ, ಆ ಪಾಪದ ಮನುಷ್ಯ ಗಿರಾಕಿಗಳಿಗೆ ಏನು ಹೇಳಬೇಕೋ ತಿಳಿಯದೆ ಒಳಗೆ ಹೋಗಿರ್ತಾರೆ. ಊಹಿಸಿಕೊಂಡೇ ಹೊಟ್ಟೆ ಹಿಡಿದು ನಕ್ಕೆ.

ಚಳ್ಳಕೆರೆಯಲ್ಲಿ ಅಪ್ಪನ ಟ್ರಾನ್ಸಿಸ್ಟರಿನ ಕಾಲದಿಂದ ಇದು ನಮ್ಮಿಬ್ಬರ ಮುಗಿಯದ ಜಗಳ. ನಮ್ಮನ್ನು ಇನ್ನೂರು ವರ್ಷ ತುಳಿದವರಿಗೆ ಚಪ್ಪಾಳೆ ಹೊಡೀತೀಯಲ್ಲೇ, ನಾಚಿಕೆ ಇಲ್ವಾ ಅಂತ ನಾನು. ನಿನ್ನ ಆಸ್ಟ್ರೇಲಿಯಾದವರು ಅಲ್ಲಿನ ಮೂಲದವರ ನೆಲ ಕಿತ್ತುಕೊಂಡು ಅದರ ಮೇಲೆ ಪಿಚ್ ಹಾಕಿಕೊಂಡವರಲ್ವಾ ಅಂತ ನೀನು. ಕಾರ್ಮಿಕ ಸಂಘದ ಜಾಥಾದಲ್ಲಿ ಲಾರಿ ಮೇಲೆ ಕೂತು ಊರೂರು ತಿರುಗುವಾಗಲೂ ಎರಡು ಹಾಡಿನ ನಡುವೆ ಇದೇ ಜಗಳ. ಮೂವತ್ತು ವರ್ಷದಲ್ಲಿ ಸೋತರೂ ನಾನು ಆಸ್ಟ್ರೇಲಿಯಾದ ಪಕ್ಷ ಬಿಟ್ಟವನಲ್ಲ. ನಿನ್ನೆ ಎಂಟು ಗಂಟೆಯ ಹೊತ್ತಿಗೆ ಬಿಟ್ಟೆ. ಯಾಕೆ ಅಂತ ಹೇಳಬೇಕಾದರೆ ಮೊದಲು ರಾಮ್‌ಪ್ರಸಾದನ ವಿಷಯ ಹೇಳಬೇಕು.

ಹದಿನೇಳರ ಶನಿವಾರ, ಹಿಂದಿನ ಟೆಸ್ಟಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾದ ಸ್ಮಿತ್‌ನ ಕುತ್ತಿಗೆಗೆ ಚೆಂಡು ಬಡಿದದ್ದು ನೋಡಿದೆಯಲ್ಲ. ಮುಕ್ಕಾಲು ಗಂಟೆಗೆ ಎದ್ದು ಬಂದು ಮತ್ತೆ ಬ್ಯಾಟ್ ಹಿಡಿದ. ಮಾರನೇ ದಿನ ತಲೆ ಭಾರ ಅಂದ. ಡಾಕ್ಟರು ಸಾಕು ಅಂದರು, ಅವನ ಜಾಗಕ್ಕೆ ಬದಲಿಯವನು ಬಂದು ಆಡಿದ. ಹೊಸ ನಿಯಮವಂತೆ: ತಲೆಗೆ ಪೆಟ್ಟು ಬಿದ್ದರೆ ಬದಲಿ. ನಾನು ಅವತ್ತು ಕಾರ್ಖಾನೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಭಾಷಣ ಮಾಡಿದೆ. ಕೋಟಿಗಟ್ಟಲೆ ಗಳಿಸುವವನ ತಲೆಗೆ ನಿಯಮ ಇದೆ, ನಮ್ಮ ಅಚ್ಯುತಾಪುರದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ತಲೆಗೆ ಏನಿದೆ ಅಂತ. ಹಿಂದಿನ ಸೀಟಿನಿಂದ ಯಾರೋ, ಹೆಲ್ಮೆಟ್ ಇದೆ ಅನ್ನಾ, ಅದರ ಪಟ್ಟಿ ಮಾತ್ರ ಇಲ್ಲ ಅಂದ. ಬಸ್ಸೆಲ್ಲ ನಗು. ನಿನ್ನ ಅಣ್ಣ ಇಲ್ಲಿನವರಿಗೆಲ್ಲ ತೆಲುಗಿನ ಅನ್ನಾ.

ಅದಾಗಿ ಎರಡೇ ದಿನಕ್ಕೆ, ಮಂಗಳವಾರ, ನಮ್ಮ ಔಷಧಿ ಪುಡಿ ಒಣಗಿಸುವ ವಿಭಾಗದಲ್ಲಿ ಭಾರ ಎತ್ತುವ ಸರಪಳಿಯ ಕೊಕ್ಕೆ ತೂಗಿಕೊಂಡು ಬಂದು ರಾಮ್‌ಪ್ರಸಾದನ ತಲೆಗೆ ಬಡಿಯಿತು. ಗುತ್ತಿಗೆಯ ಹುಡುಗ, ಮೂವತ್ತು ದಾಟಿಲ್ಲ. ಹೆಲ್ಮೆಟ್ ಸೀಳಿತು. ಐದು ನಿಮಿಷ ಕೂತ, ನೀರು ಕುಡಿದ, ಎದ್ದ. ಒಂದೂವರೆ ಗಂಟೆ ಒದ್ದೆ ಪುಡಿಯ ಚೀಲ ಹೊತ್ತ. ಆಮೇಲೆ ವಾಂತಿ ಮಾಡಿಕೊಂಡು ಚೀಲದ ಮೇಲೇ ಬಿದ್ದ. ತಲೆಯೊಳಗೆ ರಕ್ತ ಕಟ್ಟಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡು, ಆಪರೇಷನ್ ಸದ್ಯಕ್ಕೆ ಬೇಡ, ಆದರೆ ಒಂದು ವರ್ಷ ಭಾರ ಎತ್ತಕೂಡದು, ಟೀವಿ ಫೋನು ನೋಡಕೂಡದು ಅಂದಿದ್ದಾರೆ.

ನಾಳೆ ವಿಚಾರಣೆ. ಅದರ ಪ್ರಶ್ನೆ ಒಂದೇ: ಪೆಟ್ಟು ಬಿದ್ದ ಮೇಲೆ ಅವನಿಗೆ ಕೆಲಸ ಮುಂದುವರಿಸು ಅಂದವರು ಯಾರು? ಯಾರೋ ಹೇಳಿದ್ದರೆ ತಪ್ಪು ಕಾರ್ಖಾನೆಯದು. ಚಿಕಿತ್ಸೆ, ಪರಿಹಾರ, ಮುಂದಿನ ಕೆಲಸ ಎಲ್ಲ ಅವರು ಕೊಡಬೇಕು. ಯಾರೂ ಹೇಳಲಿಲ್ಲ ಅಂತಾದರೆ ಅವನೇ ಉಡಾಫೆ ಮಾಡಿ ಹೋದ ಅಂತ ಬರೆದು ಬಾಗಿಲು ಮುಚ್ಚುತ್ತಾರೆ. ಆ ಪಾಳಿಯಲ್ಲಿ ಕೆಲಸ ಹಂಚುವ ಹಿರಿಯ ಆಪರೇಟರುಗಳು ನಾನೂ ಸೇರಿ ಮೂವರು. ಆಸ್ಪತ್ರೆಗೆ ಬಂದು ಹೇಳಿಕೆ ಬರೆದುಕೊಂಡವರಿಗೆ ರಾಮ್‌ಪ್ರಸಾದ, ನನಗೆ ನೆನಪಿಲ್ಲ ಅಂದಿದ್ದಾನೆ. ಆ ಹೆಸರು ಹೊರಗೆ ಬರಲೇಬೇಕು ಅಂತ ಶುಕ್ರವಾರ ಗೇಟಿನ ಮುಂದೆ ಯೂನಿಯನ್ ಸಭೆಯಲ್ಲಿ ನಾನೇ ಮೈಕ್ ಹಿಡಿದೆ. ಗಂಟಲು ಇನ್ನೂ ಸರಿಹೋಗಿಲ್ಲ.

ಈಗ ನಿನ್ನೆಯ ಮಾತಿಗೆ ಬರ್ತೀನಿ, ತಾಳ್ಮೆ ಕಳ್ಕೋಬೇಡ.

ನಮ್ಮ ಬೀದಿಯ ಸೂರ್ಯಕಾಂತಮ್ಮನ ಮೆಸ್ಸಿನಲ್ಲಿ ದೊಡ್ಡ ಟೀವಿ ಇದೆ. ಭಾನುವಾರ ಆಕೆಗೆ ಸೀರಿಯಲ್ ಇಲ್ಲ, ಅದಕ್ಕೇ ನಮಗೆ ಬಿಟ್ಟುಕೊಟ್ಟಳು. ದಾವಣಗೆರೆಯ ಸುಮಂತ್ ಅಂತ ಒಬ್ಬ ಹುಡುಗ, ನಮ್ಮಲ್ಲೇ ಲ್ಯಾಬಿನಲ್ಲಿ ಆರು ತಿಂಗಳಿಂದ ಇದ್ದಾನೆ, ಅವನೂ ಇನ್ನೂ ಹತ್ತು ಜನವೂ. ಆರು ಗಂಟೆಗೆ ನೋಡ್ತೀನಿ, ರಾಮ್‌ಪ್ರಸಾದ ಹೆಂಡತಿ ದುರ್ಗಾಭವಾನಿಯ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ. ಮನೇಲಿ ಕೂತು ಹುಚ್ಚು ಹಿಡಿಯುತ್ತೆ ಅಂತಾನೆ, ಏನು ಮಾಡಲಿ ಅಂದಳು ಆಕೆ. ಟೀವಿ ನೋಡುವಂತಿಲ್ಲವಲ್ಲ, ಗೋಡೆ ಕಡೆ ಮುಖ ಮಾಡಿ ಕುರ್ಚಿ ಹಾಕಿಸಿಕೊಂಡ. ನೀವು ಹೇಳಿ ಅನ್ನಾ, ನಾನು ಕೇಳ್ತೀನಿ ಅಂದ.

ಹೇಳಿದೆ ಕಣೇ ತುಳಸೀ. ಟ್ರಾನ್ಸಿಸ್ಟರಿನವನ ಹಾಗೆ, ಅರ್ಧ ತೆಲುಗು ಅರ್ಧ ಕನ್ನಡ, ಚೆಂಡು ಚೆಂಡಿಗೂ ಹೇಳಿದೆ. ಮೊದಲ ಸರದಿಯಲ್ಲಿ ಅರವತ್ತೇಳಕ್ಕೆ ಮಗುಚಿದ ಇಂಗ್ಲೆಂಡು ಗೆಲ್ಲಲು ಮುನ್ನೂರೈವತ್ತೊಂಬತ್ತು ಓಟ ಬೇಕು. ನಡುವೆ ಓಟವೇ ಬರದೆ ಹೋದಾಗ ಸೂರ್ಯಕಾಂತಮ್ಮ ಒಳಗಿಂದ, ಬರೀ ನಿಂತಿದ್ದಾರಲ್ಲಯ್ಯಾ ಅವರೆಲ್ಲ, ಯಾವಾಗ ಆಡ್ತಾರೆ ಅಂತ ಕೇಳಿದಳು. ಅಷ್ಟರಲ್ಲಿ ವಿಕೆಟ್ಟುಗಳು ಪಟಪಟ ಉದುರಿದವು. ಒಂಬತ್ತು ಹೋದವು. ಇನ್ನೂ ಎಪ್ಪತ್ಮೂರು ಬೇಕು. ನಾನು ಎದ್ದು ನಿಂತು ಆಸ್ಟ್ರೇಲಿಯಾ ಗೆದ್ದಾಯ್ತು, ಎಲ್ಲರಿಗೂ ಟೀ ನನ್ನದು ಅಂದೆ.

ಆಗ ಬಂದ ಇಂಗ್ಲೆಂಡಿನ ಕೊನೆಯವನು, ಆ ಲೀಚ್. ಕನ್ನಡಕದವನು, ಬೋಳುತಲೆ, ಬ್ಯಾಟು ಹಿಡಿದರೆ ಬ್ಯಾಂಕಿನ ಗುಮಾಸ್ತ ಛತ್ರಿ ಹಿಡಿದ ಹಾಗೆ. ಹೆಲ್ಮೆಟ್ ತೆಗೆದು ಕನ್ನಡಕ ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಒಂದು ಚೆಂಡು ತಡೆದ. ಆ ಕಡೆ ಸ್ಟೋಕ್ಸ್ ಎಂಬ ರಾಕ್ಷಸ ಸಿಕ್ಸರ್ ಮೇಲೆ ಸಿಕ್ಸರ್. ಈ ಕಡೆ ಇವನು ಒರೆಸುವುದು, ತಡೆಯುವುದು. ಎಲ್ಲರೂ ಸಿಕ್ಸರಿಗೆ ಕೂಗಿದರೆ ರಾಮ್‌ಪ್ರಸಾದ ಗೋಡೆ ಕಡೆಯಿಂದ, ಅದಿರಲಿ, ಆ ಕನ್ನಡಕದವನು ಏನು ಮಾಡ್ತಿದ್ದಾನೆ ಅಂತ ಕೇಳುತ್ತಿದ್ದ. ಒರೆಸ್ತಿದ್ದಾನೆ ಅಂದೆ. ಒರೆಸಲಿ ಅನ್ನಾ, ನಮ್ಮಂಥವನು ಅವನು ಅಂದ. ಅಷ್ಟೇ. ನಾನು ಪಕ್ಷ ಬಿಟ್ಟದ್ದು ಆವಾಗ. ಹೆಸರು ಹಾಡಿಸಿಕೊಳ್ಳುವವನ ಪಕ್ಕದಲ್ಲಿ ಔಟಾಗದೆ ನಿಲ್ಲುವುದೇ ಕೆಲಸವಾದವನ ಕಡೆ ನಾನು ಇರದೆ ಇನ್ನು ಯಾರು ಇರಬೇಕು?

ಹದಿನೇಳು ಬೇಕಾದಾಗ ಕ್ಯಾಚ್ ಬಿಟ್ಟರು. ಸುಮಂತ್ ಬೆಂಚಿನಿಂದ ಬಿದ್ದ. ರಾಮ್‌ಪ್ರಸಾದ, ಎಷ್ಟು ಬೇಕು ಅಂದ. ಹದಿನೇಳು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, ಎಷ್ಟು ಬೇಕು ಅನ್ನಾ. ಹದಿನೇಳು ಅಂದೆನಲ್ಲಪ್ಪಾ. ಹೌದಾ ಅಂದ. ಚೆಂಡು ಬೀಳುವ ಮೊದಲೇ ಮೂರನೇ ಸಲ ಅದೇ ಪ್ರಶ್ನೆ. ಹುಡುಗರು ನಕ್ಕರು. ದುರ್ಗಾಭವಾನಿ ಎದ್ದು ಹೋಗಿ ಅವನ ಕುರ್ಚಿಯ ಹಿಂದೆ ನಿಂತಳು.

ಎರಡು ಬೇಕು ಅನ್ನುವಾಗ ಇಬ್ಬರೂ ನಡುದಾರಿಯಲ್ಲಿ ಗಲಿಬಿಲಿಯಾಗಿ, ಲೀಚ್ ವಾಪಸ್ ಓಡುತ್ತಿದ್ದಾನೆ, ಚೆಂಡು ಬೌಲರನ ಕೈಗೆ ಬಂತು, ಕೆಳಗೆ ಬಿತ್ತು. ನಾನು ಹೇಳುವುದು ಬಿಟ್ಟು ಟೀವಿ ಹತ್ತಿರ ಓಡಿದೆ. ಹೇಳಿ ಅನ್ನಾ, ಹೇಳಿ ಅಂತ ಅವನು ಗೋಡೆ ಬಡಿಯುತ್ತಿದ್ದಾನೆ. ಮುಂದಿನ ಚೆಂಡು ಸ್ಟೋಕ್ಸ್‌ನ ಕಾಲಿಗೆ. ಔಟೇ ಅದು, ಆದರೆ ಅಂಪೈರು ಕೈ ಎತ್ತಲಿಲ್ಲ, ಕೇಳೋಣ ಅಂದರೆ ಆಸ್ಟ್ರೇಲಿಯಾದವರ ಹತ್ತಿರ ಮರುಪರಿಶೀಲನೆಯೇ ಉಳಿದಿರಲಿಲ್ಲ, ಹಿಂದಿನ ಓವರಿನಲ್ಲಿ ದುಡುಕಿ ಹಾಳು ಮಾಡಿಕೊಂಡಿದ್ದರು. ಆಮೇಲೆ ಹದಿನೇಳು ಚೆಂಡು ಆಡಿದ ಲೀಚ್ ತನ್ನ ಮೊದಲನೇ ಓಟ ಓಡಿದ, ಸಮ ಆಯ್ತು. ಆಮೇಲಿನ ಬೌಂಡರಿ ನಿನಗೆ ಗೊತ್ತು. ಸೂರ್ಯಕಾಂತಮ್ಮ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದಳು, ಯಾರು ಗೆದ್ದರು ಅಂತ ಆಮೇಲೆ ಕೇಳಿದಳು. ರಾಮ್‌ಪ್ರಸಾದ ಗೋಡೆಗೆ ಹಣೆ ಹಚ್ಚಿ ನಗುತ್ತಿದ್ದ. ಇಂಥ ಆಟ ನಮ್ಮ ಜನ್ಮದಲ್ಲಿ ಇನ್ನೊಂದು ಬರುವುದಿಲ್ಲ ಕಣೇ.

ಸರಣಿ ಈಗ ಒಂದೊಂದು. ಮ್ಯಾಂಚೆಸ್ಟರ್‌ಗೆ ಸ್ಮಿತ್ ವಾಪಸ್ ಬರ್ತಾನಂತೆ, ಎಚ್ಚರಿಕೆ. ಮಕ್ಕಳಿಗೆ ಮಾವನ ಮುತ್ತು. ಫಣಿಯವರಿಗೆ ನಮಸ್ಕಾರ ಹೇಳು, ಅಂಗಡಿ ಮುಂದೆ ಕುಣಿದದ್ದಕ್ಕೆ ನನ್ನ ಪರವಾಗಿ ಕ್ಷಮೆಯನ್ನೂ ಕೇಳು. ನೀನು ಹೀಗೇ ಗಟ್ಟಿ ಗಂಟಲಿನವಳಾಗಿ ನೂರು ಕಾಲ ಬಾಳು.

ನಿನ್ನ ಅಣ್ಣ,
ಲಿಂಗರಾಜು

ತಾ.ಕ.: ಸಹಿ ಹಾಕಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದೆ.

ಆ ಹೆಸರು ನನ್ನದು ತುಳಸೀ. ಬದಲಿಯವನು ಇನ್ನೂ ಬಂದಿರಲಿಲ್ಲ, ಪುಡಿ ಅರ್ಧಕ್ಕೆ ನಿಂತರೆ ಇಡೀ ಬ್ಯಾಚ್ ಕೆಡುತ್ತದೆ. ಅವನು ಬರೋವರೆಗೆ ನೋಡ್ಕೊಳಪ್ಪಾ ಅಂದೆ. ಗದರಿಸಲಿಲ್ಲ, ಬೆನ್ನು ತಟ್ಟಿ ಅಂದೆ. ನಾನು ಗದರಿಸಿದ್ದರೆ ಅವನು ತಿರುಗಿ ಬೀಳುತ್ತಿದ್ದ. ಅನ್ನಾ ಹೇಳಿದರು ಅಂತ ಎದ್ದ. ಶುಕ್ರವಾರ ಮೈಕಿನಲ್ಲಿ ಯಾರವನು, ಯಾರವನು ಅಂತ ಕೂಗುವಾಗ, ಸತ್ಯವಾಗಿ ಹೇಳ್ತೀನಿ, ಅವನಿಗೆ ನೆನಪಿಲ್ಲ ಅನ್ನುವ ಧೈರ್ಯದ ಮೇಲೇ ಅಷ್ಟು ಗಟ್ಟಿಯಾಗಿ ಕೂಗಿದೆ.

ನಿನ್ನೆ ಮೆಸ್ಸಿನ ಮೆಟ್ಟಿಲಿಳಿಸುವಾಗ ದುರ್ಗಾಭವಾನಿ ಆಟೋ ಕರೆಯಲು ಮುಂದೆ ಹೋಗಿದ್ದಳು. ಅವನು ನನ್ನ ಭುಜ ಹಿಡಿದು ಹೇಳಿದ: "ಈಗಿನದು ಮರೆಯುತ್ತೆ ಅನ್ನಾ. ಅವತ್ತಿನದು ಎಲ್ಲ ನೆನಪಿದೆ. ವಿಚಾರಣೆಯಲ್ಲೂ ನೆನಪಿಲ್ಲ ಅಂತಲೇ ಹೇಳ್ತೀನಿ. ನೀವು ಹೋದರೆ ನಮ್ಮ ಪರ ಮಾತಾಡೋರು ಯಾರು?"

ನಾನು ಆಗಲೇ ಬೇಡಪ್ಪಾ ಅನ್ನಬೇಕಿತ್ತು. ಅನ್ನಲಿಲ್ಲ. ಮೆಟ್ಟಿಲು ನೋಡ್ಕೊಂಡು ಇಳಿ ಅಂದೆ.

ನಾಳೆ ವಿಚಾರಣೆಯಲ್ಲಿ ಹೇಳ್ತೀನಿ, ಬರೆದೂ ಕೊಡ್ತೀನಿ. ಕೆಲಸ ಹೋಗುತ್ತೆ, ಯೂನಿಯನ್ನೂ ಹೋಗುತ್ತೆ, ಹೋಗಲಿ. ಅಲ್ಲಿ ಹೇಳುವುದು ಕಷ್ಟವಲ್ಲ, ನಡುವೆ ಒಂದು ಮೇಜು ಇರುತ್ತೆ. ದುರ್ಗಾಭವಾನಿಗೆ ಇವತ್ತೇ ಹೇಳಬೇಕು. ಈ ಕಾಗದ ಡಬ್ಬಿಗೆ ಹಾಕಿ ಅಲ್ಲಿಂದಲೇ ಅವರ ಮನೆಗೆ ಹೋಗ್ತಿದ್ದೀನಿ. ಬಾಗಿಲು ತೆಗೆದ ಕೂಡಲೇ ಆಕೆ, ಬನ್ನಿ ಅನ್ನಾ, ಊಟ ಮಾಡಿ ಅಂತಾಳೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಬೇಕು.