ಸೋಮವಾರದ ಒಪ್ಪತ್ತು

ಏಪ್ರಿಲ್ 7, ಸೋಮವಾರ

ಹಾಲು ತಂದೆ. ಲಿಫ್ಟ್ ಮತ್ತೆ ಕೆಟ್ಟಿದೆ. ಈ ನೋಯ್ಡಾ ಸೊಸೈಟಿಯವರಿಗೆ ಮೇಂಟೆನೆನ್ಸ್ ಕೇಳೋದಕ್ಕೆ ಮಾತ್ರ ಬಾಯಿ. ಇವತ್ತು ಒಪ್ಪತ್ತು. ಮಧ್ಯಾಹ್ನ ಊಟ, ರಾತ್ರಿ ಬರೀ ನೀರು. ಮೊಮ್ಮಗಳು ಇಂಚರಾನೂ ನನ್ನ ಜೊತೆ ಹಿಡಿದಿದ್ದಾಳೆ. ಸೋಮವಾರ ಸಾಲದು ಅಂತ ಗುರುವಾರ, ಶನಿವಾರ, ಏಕಾದಶಿ, ಸಂಕಷ್ಟಿ... ಇಲ್ಲೇ ಹುಟ್ಟಿ, ಹನ್ನೊಂದನೇ ಕ್ಲಾಸ್ ಓದೋ ಹುಡುಗಿಗೆ ಇಷ್ಟು ಭಕ್ತಿ! ಚಿತ್ರದುರ್ಗಕ್ಕೆ ಫೋನ್ ಮಾಡಿ ತಂಗಿ ವೈಜಯಂತಿಗೆ ಹೇಳಿದೆ. ಅವಳ ಮೊಮ್ಮಕ್ಕಳು ಪಿಜ್ಜಾ ಬಿಟ್ಟು ಮೇಲೇಳಲ್ಲ. ಉರಿದುಕೊಂಡಿರಬೇಕು.

ಏಪ್ರಿಲ್ 19

ಹೊರಗೆ ಕೆಂಡ. ಇಂಚರಾ ಸ್ವೆಟರ್ ಹಾಕಿ ಕೂತಿದ್ದಾಳೆ. ಕೈ ಮುಟ್ಟಿದೆ — ಐಸು. ಬಾಚಣಿಗೆ ತುಂಬ ಕೂದಲು. ಉಪವಾಸ ಸಾಕು ಅಂದೆ.

"ಚಿಲ್ ತಾತಾ, ದೇವ್ರಿಗೆ ಮಾಡ್ತಿರೋದು."

ದೇವರ ಹೆಸರು ಹೇಳಿದ ಮೇಲೆ ಏನು ಬೈಯಲಿ. ಆದರೆ ಅವಳು ದೀಪ ಹಚ್ಚಿದ್ದು, ಕೈ ಮುಗಿದಿದ್ದು... ಒಂದು ದಿನವೂ ನೋಡಿಲ್ಲ.

ಮೇ 3

ಟ್ಯೂಷನ್ನಿನಲ್ಲಿ ತಲೆ ತಿರುಗಿ ಬಿದ್ದಳು. ಮಗ ಪುಣೆಯಲ್ಲಿ. ಸೊಸೆ ಜಲಜಾ, ನಾನು ಓಡಿದೆವು. ನಾಡಿ ತೀರಾ ನಿಧಾನ, ಅಡ್ಮಿಟ್. ಕಾಯಿಲೆ ಹೆಸರು ಅನೊರೆಕ್ಸಿಯಾ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ನಾಲಿಗೆಗೆ ಒಗ್ಗಲ್ಲ. "ಅನ್ನ ಇದೆ, ಬಾಯಿದೆ, ಇದೆಂಥ ಕಾಯಿಲೆ? ಎರಡು ಬಿಟ್ರೆ ತಿಂತಾಳೆ" ಅಂದೆ.

ಡಾಕ್ಟರಮ್ಮ ಕೇಳಿದರು, ಜ್ವರ ಬಂದವರಿಗೂ ಹೊಡೀತೀರಾ ಅಂಕಲ್‌ಜಿ?

ಹಸಿವಿಲ್ಲ ಅಂತಲ್ಲವಂತೆ. ದಪ್ಪ ಆಗ್ತೀನಿ ಅನ್ನೋ ಭಯ. ಕನ್ನಡಿಯಲ್ಲಿ ಅವಳಿಗೆ ಬೇರೆಯೇ ಹುಡುಗಿ ಕಾಣುತ್ತಾಳೆ. ಎಲ್ಲಿಂದ ಬಂತು? ಫೋನಾ, ಸ್ಕೂಲಾ, ಜಲಜಾನ ಡಯಟ್ಟಾ? ಒಂದೇ ಕಾರಣ ಇರಲ್ಲವಂತೆ. ಹುಟ್ಟುಗುಣ, ಪರೀಕ್ಷೆ, ಯಾರೋ ಆಡಿದ ಮಾತು... ಶುರುವಾದ ಮೇಲೆ ಹಸಿದ ಮೆದುಳೇ ಅದನ್ನು ಬೆಳೆಸುತ್ತೆ. ಉಪವಾಸ ಅದಕ್ಕೊಂದು ಮುಸುಕು.

ವೈಜಯಂತಿ ಫೋನ್ ಬಂತು. ಎತ್ತಲಿಲ್ಲ.

ಮೇ 14

ಮನೆಗೆ ಬಂದಳು. ಇನ್ನು ಊಟವೇ ಔಷಧಿ. ಯಾರಾದರೂ ಜೊತೆ ಕೂತು ತಿನ್ನಬೇಕು. ಬೈಯೋ ಹಾಗಿಲ್ಲ. ಸಣ್ಣ ದಪ್ಪ ಅನ್ನೋ ಮಾತೇ ಇಲ್ಲ. ತಿಂದ ಮೇಲೆ ಅರ್ಧ ಗಂಟೆ ಅವಳನ್ನು ಬಿಟ್ಟು ಏಳಬಾರದು — ತಿಂದದ್ದು ಕರಗಲಿ ಅಂತ ಕದ್ದು ಹೋಗಿ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಲಿಫ್ಟ್ ಸರಿಯಿದ್ದಾಗಲೂ ಮೆಟ್ಟಿಲು ಯಾಕೆ ಅಂತ ಈಗ ಗೊತ್ತಾಯ್ತು. ವಾರ ವಾರ ಚೆಕಪ್, ಕೌನ್ಸೆಲಿಂಗ್. ನಾಡಿ ಮತ್ತೆ ಇಳಿದರೆ ಜೀವಕ್ಕೇ ಅಪಾಯ ಅಂದರು. ಜಲಜಾ ಅತ್ತಳು. ನಾನು ವಾಚ್‌ಮನ್‌ಗೆ ಬೈದೆ. ಪಾಪ, ಅವನೇನು ಮಾಡಿದ್ದ.

ಮೇ 19, ಸೋಮವಾರ

ರಾತ್ರಿ ತಟ್ಟೆ ತಳ್ಳಿದಳು. "ತಾತ ತಿನ್ನಲ್ಲ. ನಾನ್ಯಾಕೆ?"

"ನಂದು ದೇವರದು ಕಣೇ!"

"ನಂದೂ."

ಜಲಜಾ ನನ್ನ ಮುಖ ನೋಡಿದಳು. "ಮಾವ..." ಅಂದು ಆ ತಟ್ಟೆ ಮತ್ತೆ ಅವಳ ಮುಂದೆ ಸರಿಸಿದಳು. ಸಿಟ್ಟು ನೆತ್ತಿಗೇರಿತು. ಅಪ್ಪ ಹಿಡಿಸಿದ ಸೋಮವಾರ. ದೆಹಲಿ ಓಖ್ಲಾದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಬಲ್ ಶಿಫ್ಟ್ ಮಾಡುವಾಗಲೂ ಬಿಟ್ಟಿಲ್ಲ. ಇವಳ ಹಟಕ್ಕೆ ಬಿಡಲಾ? ಎದ್ದು ಹೋಗಿ ಮಲಗಿದೆ.

ಮೇ 23

ಚೆಕಪ್. ನಾಡಿ ಇಳಿದಿದೆ. ಮಂಗಳವಾರ ಮತ್ತೆ ತೋರಿಸಬೇಕು, ಆಗಲೂ ಹೀಗೇ ಇದ್ದರೆ ವಾಪಸ್ ವಾರ್ಡಿಗೆ. ಹಟ ಅಂದೆ. ಹಟ ಅಲ್ಲ, ಹೆದರಿಕೆ ಅಂದರು ಡಾಕ್ಟರಮ್ಮ. ತಟ್ಟೆ ನೋಡಿದರೆ ಹೆದರಿಕೆ.

ಮೇ 26, ಸೋಮವಾರ, ರಾತ್ರಿ ಊಟ ಆದ ಮೇಲೆ

ಎರಡು ತಟ್ಟೆ ಹಾಕು ಅಂದೆ ಜಲಜಾಗೆ. ಬಡಿಸಿದಳು. ಚಪಾತಿ, ಪಲ್ಯ, ಅನ್ನ, ಬೇಳೆಸಾರು.

"ತಾತಾ, ಇವತ್ತು ಮಂಡೇ!"

"ಗೊತ್ತು. ಉಣ್ಣು."

"ದೇವ್ರು ಗುಸ್ಸಾ ಮಾಡ್ಕೊಂಡ್ರೆ?"

"ಸಿಟ್ಟಾದ್ರೆ ಅವನ ಹತ್ರ ನಾನು ಮಾತಾಡ್ಕೋತೀನಿ. ಬೇಕಾದ್ರೆ ಜಗಳಾನೂ ಆಡ್ತೀನಿ."

ಮೊದಲ ತುತ್ತು ಬಾಯಿತನಕ ತಂದು ಮತ್ತೆ ತಟ್ಟೆಗೇ ಇಳಿಸಿದೆ. ಅವಳು ಅದನ್ನೇ ನೋಡುತ್ತಿದ್ದಳು.

"ತಾತಾ... ಡರ್ ಲಗ್ ರಹಾ ಹೈ ಕ್ಯಾ?"

"ಹೂಂ, ಹೆದರಿಕೇನೇ" ಅಂದು ತುತ್ತು ಬಾಯಿಗಿಟ್ಟೆ.

"ನಂಗೂ."

ಅಳುತ್ತಲೇ ತಿಂದಳು. ಚಪಾತಿಯ ಚೂರು ಚೂರಾಗಿ. ಜಲಜಾ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಈಗ ಅರ್ಧ ಗಂಟೆ ಕಾವಲು. ಸೋಫಾದಲ್ಲಿ ಕೂತಿದ್ದಾಳೆ, ಕಾಲು ಕುಣಿಸುತ್ತಿದ್ದಾಳೆ. ಇಸ್ಪೀಟ್ ಆಡೋಣವಾ ಅಂದೆ. ನಾಳೆ ನಾಡಿ ಏನು ಹೇಳುತ್ತೋ... ಎದ್ದಳು. ಬಾಗಿಲ ಕಡೆ. ಮೆಟ್ಟಿಲಿಗಾ? ಚಪ್ಪಲಿ ಸ್ಟ್ಯಾಂಡ್ ಹತ್ತಿರ ಬಗ್ಗಿದಳು. ಜಲಜಾನ ಕೂಗಲಾ — ಇಲ್ಲ, ತಡಿ. ಡ್ರಾಯರ್ ಎಳೆದಳು. ಇಸ್ಪೀಟಿನ ಕಟ್ಟು ಅದರಲ್ಲೇ ಇರೋದು. ಹಿಡಿದು ಬರ್ತಿದ್ದಾ—